ಎಡಗೈ ಹೊಲಿಗೆ

ಸೂಜಿ ಇಳಿದಾಗಲೆಲ್ಲ ಎಣ್ಣೆ ಡಬ್ಬಿಗೆ ಒರಗಿಸಿಟ್ಟ ಫೋನು ಸಣ್ಣಗೆ ನಡುಗುತ್ತದೆ, ಫೋನಿನೊಳಗಿನ ಚುಕ್ಕಿ ಮಾತ್ರ ನಡುಗುವುದಿಲ್ಲ, ಕಾಲುವೆಯ ಆಚೆ ದಡದಲ್ಲಿ, ನಕ್ಷೆಯ ಬೂದು ಚೌಕವೊಂದರ ಮೇಲೆ ಹಸಿರಾಗಿ ಕೂತಿದೆ, ನಿನ್ನೆಯೂ ಅಲ್ಲೇ ಇತ್ತು, ಮೊನ್ನೆಯೂ ಅಲ್ಲೇ — ಆದರೆ ಆ ಚುಕ್ಕಿ ಯಾರದಾಗಿರಬೇಕೋ ಅವಳು, ಟೈಲರಮ್ಮನ ಮಗಳು ಚೂಟಿ, ಇಲ್ಲೇ ಇದ್ದಾಳೆ, ಅಂಗಡಿಯೊಳಗೆ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಕ್ಕಳಮಕ್ಕಳ ಹಾಕಿಕೊಂಡು, ಚೂರುಬಟ್ಟೆಯ ಗುಡ್ಡೆಯಲ್ಲಿ ಏನನ್ನೋ ಹುಡುಕುತ್ತ, ಮೂಗಿನಲ್ಲೇ ಒಂದು ರಾಗ ಎಳೆಯುತ್ತ. ಟೈಲರಮ್ಮ ಪೆಡಲಿನಿಂದ ಕಾಲು ತೆಗೆದಳು. ಬಗ್ಗಿ ಮೇಜಿನ ಕೆಳಗೆ ನೋಡಿದಳು, ಇದ್ದಾಳೆ, ಎರಡು ಜಡೆ, ಮೊಣಕಾಲಿನ ಒಣಗಿದ ಗಾಯ, ಎಡಗೈಯಲ್ಲಿ ಸಣ್ಣ ಕತ್ತರಿ. ಎದ್ದು ಫೋನು ನೋಡಿದಳು, ಇಲ್ಲ, ಕಾಲುವೆಯಾಚೆ. ಇದ್ದಾಳೆ, ಇಲ್ಲ. ನಗು ಬರಬೇಕಾದದ್ದು, ಬರಲಿಲ್ಲ, ಯಾಕೆಂದರೆ ಅರೆಗಳಿಗೆ, ಬರೀ ಅರೆಗಳಿಗೆ, ಅವಳಿಗೆ ಅನ್ನಿಸಿದ್ದು ಫೋನು ತಪ್ಪು ಅಂತಲ್ಲ — ಫೋನು ಸರಿಯಾಗೇ ಇದೆ, ಮಗಳು ಅಲ್ಲಿದ್ದಾಳೆ, ಹಾಗಾದರೆ ಈ ಮೇಜಿನ ಕೆಳಗೆ ಕೂತು ಮೂಗಿನಲ್ಲಿ ಹಾಡುತ್ತಿರುವುದು ಯಾರು. ಥೂ, ಹೆತ್ತವಳಿಗೆ ಬರುವ ಯೋಚನೆಯೇ ಇದು, ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಹೀಗೇ, ಖಾಲಿ ತಲೆಗೆ ಏನೇನೋ ನುಗ್ಗುತ್ತದೆ. ಏನಮ್ಮಾ ಹಾಗೆ ನೋಡ್ತೀಯ ಅಂದಳು ಕೆಳಗಿದ್ದವಳು. ಏನಿಲ್ಲ, ಕತ್ತರಿ ಜೋಪಾನ ಅಂದಳು ಇವಳು, ಮತ್ತೆ ಪೆಡಲು ತುಳಿದಳು, ಫೋನು ಮತ್ತೆ ನಡುಗತೊಡಗಿತು.

ಚುಕ್ಕಿಯನ್ನು ಹೊಲಿದವಳು ಟೈಲರಮ್ಮನೇ, ಯಾರ ತಲೆಗೂ ಕಟ್ಟುವ ಹಾಗಿಲ್ಲ. ಬೇಕರಿಯವನ ಮಗಳು ಒಂದು ಮಧ್ಯಾಹ್ನವಿಡೀ ಸಿಗದೆ, ಬೀದಿಗೆ ಬೀದಿಯೇ ಬಾಯಿ ಬಡಿದುಕೊಂಡು ಓಡಾಡಿ, ಕೊನೆಗೆ ಆ ಹುಡುಗಿ ತನ್ನಪ್ಪನದೇ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳ ಹಿಂದೆ ಗೊರಕೆ ಹೊಡೆಯುತ್ತ ಸಿಕ್ಕಿದಳಲ್ಲ, ಆಮೇಲೆ ಬೀದಿಯ ತಾಯಂದಿರೆಲ್ಲ ಒಂದೊಂದು ತರಿಸಿಕೊಂಡರು, ಕೋಟಿನ ಗುಂಡಿಯಷ್ಟೇ ದೊಡ್ಡ ಬಿಲ್ಲೆ, ಅದು ಎಲ್ಲಿದೆಯೋ ಅಲ್ಲಿ ಫೋನಿನಲ್ಲಿ ಒಂದು ಚುಕ್ಕಿ. ಒಬ್ಬಳು ಬ್ಯಾಗಿಗೆ ಕಟ್ಟಿದಳು, ಇನ್ನೊಬ್ಬಳು ಕೊರಳಿಗೆ. ಬ್ಯಾಗಿಗೆ ಕಟ್ಟಿದರೆ ಕಳ್ಳನಾದವನು ಮೊದಲು ಬ್ಯಾಗನ್ನೇ ಬಿಸಾಡುತ್ತಾನೆ, ಕೊರಳಿಗೆ ಹಾಕಿದರೆ ಮಕ್ಕಳೇ ಆಡಿಕೊಂಡು ನಗುತ್ತವೆ, ಸೂಜಿದಾರ ಕೈಯಲ್ಲಿರುವವಳಿಗೆ ಅದೆಲ್ಲ ಯಾಕೆ, ಮಗಳು ಸ್ನಾನಕ್ಕೆ ಹೋಗಿದ್ದಾಗ ಶಾಲೆಯ ಕೋಟಿನ ಕೆಳಗಿನ ಮಡಿಕೆ ಬಿಚ್ಚಿ, ಲೈನಿಂಗಿನ ಒಳಗೆ ಬಿಲ್ಲೆ ತೂರಿಸಿ, ಮೇಲಿಂದ ಕಾಣದ ಹಾಗೆ ಕೈಹೊಲಿಗೆ ಹಾಕಿ ಮುಚ್ಚಿದ್ದಳು, ಅಷ್ಟು ನಾಜೂಕಾಗಿ ಮದುವೆಯ ಬಟ್ಟೆಗೂ ಹೊಲಿದಿರಲಿಲ್ಲ. ಗಂಡ ನೋಡಿದ. ಬಸ್ಸು ಓಡಿಸುವವನು, ಎರಡು ದಿನಕ್ಕೊಮ್ಮೆ ಮನೆಗೆ ಬರುವವನು, ಬಂದವನು ಸುಮ್ಮನೆ ಉಂಡು ಮಲಗಬೇಕೋ ಬೇಡವೋ — ಹೇಳಿ ಹಾಕು ಅಂದ. ಹೇಳಿದ್ರೆ ಕಿತ್ತು ಬಿಸಾಡ್ತಾಳೆ ಅಂದಳು. ಕಿತ್ತು ಬಿಸಾಡೋಕೆ ಅವಳಿಗೆ ಅವಕಾಶ ಇರ್ಲಿ ಅಂತಾನೇ ಹೇಳು ಅನ್ನೋದು ಅಂದ. ಅವನ ಬಸ್ಸಿಗೂ ಕಂಪನಿಯವರು ಒಂದು ಹಾಕಿದ್ದರು, ಟೀ ಕುಡಿಯಲು ನಿಂತರೆ ಫೋನು, ಮರದ ನೆರಳಿಗೆ ನಿಂತರೆ ಫೋನು, ಅದು ಬಂದಮೇಲೆ ನಾನೇನೂ ಒಳ್ಳೆ ಡ್ರೈವರ್ ಆಗಿಲ್ಲ ಕಣೇ, ಬುದ್ಧಿವಂತ ಕಳ್ಳ ಆಗಿದೀನಿ ಅಷ್ಟೆ ಅಂದ. ನಿಮ್ಮ ಬಸ್ಸನ್ನ ಯಾರೂ ಒಂಬತ್ತು ತಿಂಗಳು ಹೊತ್ತಿಲ್ಲ ಅಂದಳು ಇವಳು. ಅವನು ನಕ್ಕ, ಮಾತು ಅಲ್ಲಿಗೆ ಮುಗಿಯಿತು, ಗೆದ್ದೆ ಅಂದುಕೊಂಡಳು, ಮಾತಿನಲ್ಲಿ ಅವಳನ್ನು ಗೆದ್ದವರು ಆ ಬೀದಿಯಲ್ಲಿ ಇನ್ನೂ ಹುಟ್ಟಬೇಕು.

ಮತ್ತು ಮೊದಮೊದಲು ಎಷ್ಟು ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು, ಬೆಳಿಗ್ಗೆ ಮಗಳು ಕೈಬೀಸಿ ತಿರುವಿನಲ್ಲಿ ಮರೆಯಾದಳು ಅನ್ನುವಾಗ ಫೋನಿನಲ್ಲಿ ಹುಟ್ಟುತ್ತಿದ್ದಳು, ಹಸಿರಾಗಿ, ಪುಟ್ಟದಾಗಿ, ಬೇಕರಿ ದಾಟಿದಳು, ಔಷಧಿ ಅಂಗಡಿ ದಾಟಿದಳು, ರಸ್ತೆ ದಾಟಲು ನಿಂತಳು, ನಿಲ್ಲು, ನಿಲ್ಲು ನನ್ನವ್ವ, ಈಗ ದಾಟು, ಹಾ, ಶಾಲೆಯ ಗೇಟು. ಆಮೇಲೆ ದಿನವಿಡೀ ಶಾಲೆಯ ಚೌಕದೊಳಗೆ, ಇವಳು ಕಾಲರ್ ಹೊಲಿಯುತ್ತ ನೋಡುವಳು, ಗುಂಡಿಗೆ ಕಾಜಾ ತೆಗೆಯುತ್ತ ನೋಡುವಳು, ಗಿರಾಕಿಯ ಸೊಂಟದ ಸುತ್ತ ಟೇಪು ಹಿಡಿದು ಅಳತೆ ಕೂಗುತ್ತಲೇ ಓರೆಗಣ್ಣಲ್ಲಿ ನೋಡುವಳು, ಮಗಳು ಎದುರಿಗಿದ್ದಾಗಲೂ ಅಷ್ಟು ನೋಡಿರಲಿಲ್ಲ, ಎದುರಿಗಿದ್ದಾಗ ತಿಂದೆಯಾ, ತೊಳೆದೆಯಾ, ಬರೆದೆಯಾ, ಮೂರೇ ಮಾತು. ಆಮೇಲೆ ಹಿತ ಸ್ವಲ್ಪ ಬೇರೆ ಥರ ಆಯಿತು. ಒಂದು ದಿನ ಚುಕ್ಕಿ ಶಾಲೆ ಬಿಟ್ಟದ್ದೇ ನೇರ ಮನೆಗೆ ಬರದೆ ಹಳೆಯ ಪಾರ್ಕಿನೊಳಗೆ ಹೋಗಿ ಒಂದು ಮೂಲೆಯಲ್ಲಿ ಕೂತಿತು, ಬಹಳ ಹೊತ್ತು ಕೂತಿತು. ಮಗಳು ಬಂದಾಗ ಕೇಳಿದಳು, ತಡ ಯಾಕೆ, ಎಲ್ಲಿಗೆ ಹೋಗಿದ್ದೆ. ಎಲ್ಲೂ ಇಲ್ಲಮ್ಮ, ನೇರ ಬಂದೆ. ಹೌದಾ ಅಂದಳು, ಅಷ್ಟೆ, ಆದರೆ ಒಳಗೊಳಗೇ ಏನೋ ಒಂದು ಕಚಗುಳಿ, ನೀನು ಹೇಳುವ ಸುಳ್ಳು ನನಗೆ ಗೊತ್ತು, ನನಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ. ಮರುದಿನವೂ ಕೇಳಿದಳು, ಬೇಕೆಂದೇ ಕೇಳಿದಳು, ಸುಳ್ಳು ಬರಲಿ ಅಂತಲೇ ಕೇಳಿದಳು, ಬಂತು, ಅದನ್ನೂ ಚಪ್ಪರಿಸಿಕೊಂಡು ನುಂಗಿದಳು. ಆ ಮೂಲೆಗೆ ಒಂದು ದಿನ ತಾನೇ ಹೋಗಿ ನೋಡಿಬಂದಳು, ಸರಪಳಿ ಹರಿದ ಉಯ್ಯಾಲೆ, ಅದರ ಕೆಳಗೆ ಇಬ್ಬರು ಮಕ್ಕಳು ಕೂತೆದ್ದ ಗುರುತು, ಪೆನ್ಸಿಲ್ ಚೆಕ್ಕೆ, ಅಷ್ಟೆ, ಭಯ ಪಡುವಂಥದ್ದು ಏನೂ ಇಲ್ಲ. ಅದೇ ಸಂಜೆ ತಟ್ಟೆ ಮುಂದಿಡುತ್ತ ಬಾಯಿ ಜಾರಿತು, ಆ ಮುರಿದ ಉಯ್ಯಾಲೆ ಮೇಲೆ ಗೀಲೆ ಹತ್ತಬೇಡ, ಮೈಮೇಲೆ ಬಿದ್ದೀತು. ಮಗಳು ಅಗಿಯುವುದನ್ನು ನಿಲ್ಲಿಸಿದಳು. ಯಾವ ಉಯ್ಯಾಲೆ ಅನ್ನಲಿಲ್ಲ. ನಿನಗೆ ಹೇಗೆ ಗೊತ್ತು ಅನ್ನಲಿಲ್ಲ. ಸುಮ್ಮನೆ ತಾಯಿಯನ್ನು ನೋಡಿದಳು, ಅಷ್ಟು ಹೊತ್ತು, ಅಷ್ಟು ನಿಧಾನಕ್ಕೆ, ಮನೆಗೆ ಬಂದ ಅಪರಿಚಿತರನ್ನು ನೋಡುತ್ತಾರಲ್ಲ ಮಕ್ಕಳು, ಹಾಗೆ, ಆಮೇಲೆ ಮತ್ತೆ ಅಗಿದಳು. ಟೈಲರಮ್ಮ ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದಳು.

ಅದಾದ ಮೇಲೇ ಅಲ್ಲವೆ ಚುಕ್ಕಿಗೆ ಹುಚ್ಚು ಹಿಡಿದದ್ದು. ಶಾಲೆ ಬಿಟ್ಟಿತು, ಚುಕ್ಕಿ ಗೇಟು ದಾಟಿತು, ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗಿತು, ಸೇತುವೆಯ ಕಡೆ ನಡೆಯಿತು, ಅಯ್ಯೋ ಎಲ್ಲಿಗೆ, ಅಯ್ಯೋ ಯಾರ ಜೊತೆ, ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಅಂಗಡಿಯಿಂದ ಓಡಿದವಳು ಬಾಗಿಲಲ್ಲೇ ಡಿಕ್ಕಿ ಹೊಡೆದಳು, ಮಗಳಿಗೆ. ಕೋಟು ಹಾಕಿಕೊಂಡ ಮಗಳು, ಬೆವರಿದ ಮೂಗು, ಏನಾಯ್ತಮ್ಮ. ಎದೆಗೆ ಒತ್ತಿಕೊಂಡಳು, ಒತ್ತಿಕೊಂಡ ಹಾಗೇ ಮಗಳ ಬೆನ್ನ ಹಿಂದೆ ಕೈಯಲ್ಲಿದ್ದ ಫೋನು ನೋಡಿದಳು, ಚುಕ್ಕಿ ಸೇತುವೆ ದಾಟುತ್ತಿತ್ತು. ಫೋನ್ ರಿಪೇರಿ ಅಂಗಡಿಯವನ ಹತ್ತಿರ ತೆಗೆದುಕೊಂಡು ಹೋದಾಗ ಅವನು ಒಂದು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡವನು ಇನ್ನೊಂದು ಕಣ್ಣಲ್ಲಿ ನೋಡಿ, ಒಮ್ಮೊಮ್ಮೆ ಹೀಗೆ ತೇಲುತ್ತೆ ಅಕ್ಕ, ತಲೆ ಕೆಡಿಸ್ಕೋಬೇಡಿ, ಮಗು ಎದುರಿಗಿದೆಯಲ್ಲ ಅಂದ. ಇದೆ, ಎದುರಿಗಿದೆ. ಆದರೂ ರಾತ್ರಿ ಮಗಳು ಮಲಗಿದ ಮೇಲೆ ಗೂಟಕ್ಕೆ ತೂಗುಹಾಕಿದ್ದ ಕೋಟಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿದಳು, ಇದ್ದ ಕಡೆಯೇ ಇದೆ, ದುಂಡಗೆ, ಗಟ್ಟಿಯಾಗಿ, ಸರಿ, ಹಾಗಾದರೆ ತೇಲುತ್ತದೆ, ಅಷ್ಟೆ. ತೇಲುವುದಕ್ಕೂ ಒಂದು ಕ್ರಮ ಇತ್ತು ಅನ್ನುವುದನ್ನು ಅವಳು ಕಂಡೂ ಕಾಣದ ಹಾಗಿದ್ದಳು — ಹಗಲು ಶಾಲೆಯಲ್ಲಿ, ಸಂಜೆ ಕಾಲುವೆಯಾಚೆ ಆ ಬೂದು ಚೌಕದಲ್ಲಿ, ಬೆಳಿಗ್ಗೆ ಮತ್ತೆ ಸೇತುವೆ ದಾಟಿ ಶಾಲೆಗೆ, ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ಎದ್ದು ಶಾಲೆಗೆ ಹೋಗುತ್ತದೆಯೇ. ಮಗಳ ಪಕ್ಕ ಕೂತು ಊಟ ಮಾಡುವಾಗ ಅನ್ನಿಸುತ್ತಿತ್ತು, ಕಾಲುವೆಯಾಚೆ ಇನ್ನೊಬ್ಬಳು ಈಗ ಊಟಕ್ಕೆ ಕೂತಿದ್ದಾಳೆ, ಇವಳ ಥರವೇ ಎರಡು ಜಡೆ, ಇವಳ ಥರವೇ ಕೋಟು. ಆಮೇಲೆ ಈಚೆಗೆ ಚುಕ್ಕಿ ಶಾಲೆಗೆ ಹೋಗುವುದನ್ನೂ ಬಿಟ್ಟಿತು. ಬ್ಯಾಟರಿ ಸತ್ತಿರಬೇಕು ಅಕ್ಕ ಅಂದ ರಿಪೇರಿಯವನು, ಸತ್ತ ಮೇಲೂ ಕೊನೆಗೆ ಎಲ್ಲಿತ್ತೋ ಅದನ್ನೇ ತೋರಿಸ್ತಾ ಇರುತ್ತೆ. ಸತ್ತ ಮೇಲೂ. ಎಂಥ ಮಾತು ಆಡುತ್ತಾನೆ ಮಾರಾಯ. ಸತ್ತದ್ದು ಅಲ್ಲಾಡಬಾರದಲ್ಲ, ಇದು ಅಲ್ಲಾಡುತ್ತಿತ್ತು, ಅಪರೂಪಕ್ಕೆ, ಇವಳು ದಾರ ಪೋಣಿಸಿ ತಲೆ ಎತ್ತುವಷ್ಟರಲ್ಲಿ, ಚೌಕದ ಈ ಮೂಲೆಯಿಂದ ಆ ಮೂಲೆಗೆ ಸರಿದಿರುತ್ತಿತ್ತು, ಇನ್ನೊಮ್ಮೆ ನೋಡಿದರೆ ಮತ್ತೆ ಮೊದಲಿನ ಮೂಲೆ. ಚೌಕ ಬಿಟ್ಟು ಆಚೆ ಮಾತ್ರ ಬರುತ್ತಿರಲಿಲ್ಲ. ನೋಡಿದಳು, ಫೋನು ಬೋರಲು ಹಾಕಿದಳು, ಕಾಲರ್ ಹೊಲಿದಳು, ಮಗಳು ಎದುರಿಗಿದ್ದಾಳೆ, ಇನ್ನೇನು.

ಇವತ್ತು ಶಾಲೆ ಅರ್ಧ ದಿನ, ಚೂಟಿ ಬಂದವಳೇ ಕೋಟು ಬಿಚ್ಚಿ ಮೇಜಿನ ಮೇಲೆ ಎಸೆದು, ತೋಳು ಗಿಡ್ಡ ಆಗಿದೆ ಕಣಮ್ಮ, ಎಲ್ಲರೂ ನಗ್ತಾರೆ ಅಂದಿದ್ದಳು. ಗಿರಾಕಿಗಳ ಕೆಲಸ ಮುಗಿಸಿ, ಕೈಯಲ್ಲಿದ್ದ ಪ್ಯಾಂಟಿನ ಕೊನೆಯ ಹೊಲಿಗೆ ಹೊಡೆದು ದಾರ ಕಚ್ಚಿ, ಈಗ ಆ ಕೋಟನ್ನು ಹತ್ತಿರ ಎಳೆದುಕೊಂಡಳು, ತೋಳಿನ ಮಡಿಕೆ ಬಿಚ್ಚಬೇಕು, ಒಳಗೆ ಬಟ್ಟೆ ಬಿಟ್ಟೇ ಇದ್ದಾಳೆ, ಬೆಳೆಯುವ ಮಕ್ಕಳಿಗೆ ಬಿಡದೆ ಹೊಲಿಯುವ ದಡ್ಡಿ ಅವಳಲ್ಲ, ಕೋಟನ್ನು ಬೆಳಕಿಗೆ ತಿರುಗಿಸಿದಳು, ತೋಳು ನೋಡಬೇಕಾದ ಕಣ್ಣು ಅಂಚಿಗೆ ಹೋಯಿತು. ಅಂಚಿನ ಹೊಲಿಗೆ. ಕೈಹೊಲಿಗೆ. ಒಂದೊಂದು ಟಾಕೂ ವಾಲಿಕೊಂಡಿದೆ, ವಾಲಬೇಕಾದದ್ದೇ, ಆದರೆ ವಾಲಿರುವುದು ಆ ಕಡೆಗೆ. ಅವಳ ಕೈ ಬಲಗೈ, ಅವಳ ಟಾಕು ಯಾವತ್ತೂ ಈ ಕಡೆಗೇ ವಾಲುವುದು, ಇಷ್ಟು ವರ್ಷ, ಇಷ್ಟು ಸಾವಿರ ಅಂಚು, ಕಣ್ಣು ಮುಚ್ಚಿ ಹೊಲಿದರೂ ಈ ಕಡೆಗೇ, ಇದು ಆ ಕಡೆಗೆ ವಾಲಿದೆ, ಕನ್ನಡಿಯಲ್ಲಿ ಅವಳದೇ ಹೊಲಿಗೆ ನೋಡಿದ ಹಾಗೆ. ಟಾಕಿನ ನಡುವಿನ ಅಂತರ ಅವಳು ಕಲಿಸಿದಷ್ಟೇ. ಗಂಟು ಹಾಕಿ ಮುಗಿಸಿರುವ ರೀತಿ ಅವಳು ಕಲಿಸಿದ್ದೇ, ನನ್ನ ಬೆರಳು ನೋಡು, ಹೀಗೆ ಸುತ್ತು, ಹೀಗೆ ಎಳಿ, ಅಯ್ಯೋ ಎಡಗೈ ಪೋರಿ, ನಿನಗೆ ಎಲ್ಲ ತಿರುಗುಮುರುಗು. ಕತ್ತರಿಯ ತುದಿಯಿಂದ ಒಂದು ಟಾಕು ಎತ್ತಿದಳು, ಎರಡು ಎತ್ತಿದಳು, ಲೈನಿಂಗು ಬಾಯಿ ಬಿಟ್ಟಿತು, ಅಂಗೈಗೆ ಉದುರಿದ್ದು ಗುಂಡಿ, ಅವಳದೇ ಡಬ್ಬಿಯ ಕಪ್ಪು ಕೋಟಿನ ಗುಂಡಿ, ನಾಲ್ಕು ಕಣ್ಣಿನದು. ಮೇಜಿನ ಕೆಳಗಿನ ರಾಗ ನಿಂತು ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ, ನಿಂತಿದೆ ಅನ್ನುವುದು ಈಗ ಕೇಳಿಸಿತು.

ಕೇಳಬೇಕು, ಏನಂತ ಕೇಳುವುದು. ಎಲ್ಲಿ ನನ್ನ ಬಿಲ್ಲೆ ಅಂದರೆ ಯಾವ ಬಿಲ್ಲೆ ಅನ್ನುತ್ತಾಳೆ, ಯಾಕೆ ಬಿಚ್ಚಿದೆ ಅಂದರೆ ಯಾಕೆ ಹೊಲಿದೆ ಅನ್ನುತ್ತಾಳೆ, ಕಳ್ಳಿಯ ಮನೆಗೆ ಕಳ್ಳಿ ನುಗ್ಗಿದ ಮೇಲೆ ಪೊಲೀಸನ್ನು ಕರೆಯುವವರು ಯಾರು. ಆ ಊಟದ ತಟ್ಟೆಯ ಸಂಜೆ ಅವಳಿಗೆ ಗೊತ್ತಾಗಿದೆ, ಗೊತ್ತಾಗಿ, ಹುಡುಕಿ, ಬಿಚ್ಚಿ, ಹೊಲಿದು, ಗೂಟಕ್ಕೆ ತೂಗುಹಾಕಿ, ಅಮ್ಮ ಕತ್ತಲಲ್ಲಿ ಬಂದು ಅಂಚು ಒತ್ತಿ ನೋಡುವುದನ್ನೂ ಹಾಸಿಗೆಯಿಂದ ನೋಡಿರುತ್ತಾಳೆ, ನೋಡಿಯೂ ನಿದ್ದೆ ಬಂದವಳ ಹಾಗೆ ಉಸಿರಾಡಿರುತ್ತಾಳೆ, ಇಷ್ಟು ಪುಟ್ಟ ಹುಡುಗಿ, ಇಷ್ಟು ದಿನ, ಮುಖದಲ್ಲಿ ಒಂದು ಗೆರೆ ಅಲ್ಲಾಡದೆ — ಇದನ್ನು ಯಾರು ಕಲಿಸಿದರು. ಬುದ್ಧಿವಂತ ಕಳ್ಳ ಅಂದಿದ್ದ ಗಂಡ, ಅವತ್ತು ಅದನ್ನು ಮಾತಿನಲ್ಲೇ ಹೊಡೆದುಹಾಕಿದ್ದಳು. ಆಮೇಲೆ, ಎಲ್ಲಕ್ಕಿಂತ ಆಮೇಲೆ, ನಾಚಿಕೆಯಾಗುವಷ್ಟು ಆಮೇಲೆ, ಹೊಳೆಯಿತು: ಹಾಗಾದರೆ ಚುಕ್ಕಿ ಯಾರದು. ಸೇತುವೆ ದಾಟುವ ಚುಕ್ಕಿ, ಶಾಲೆಗೆ ಹೋಗುತ್ತಿದ್ದ ಚುಕ್ಕಿ, ಈಗ ಶಾಲೆಗೆ ಹೋಗದ, ಚೌಕ ಬಿಟ್ಟು ಬಾರದ, ಮೂಲೆಯಿಂದ ಮೂಲೆಗೆ ನಡೆಯುವ ಚುಕ್ಕಿ. ಕಾಲುವೆಯಾಚೆ ಇನ್ನೊಬ್ಬಳು ಇದ್ದಾಳೆ ಅಂತ ಊಟದ ಹೊತ್ತಿಗೆ ಅನ್ನಿಸುತ್ತಿತ್ತಲ್ಲ, ಇದ್ದಾಳೆ.

ಚೂಟಿ ಮೇಜಿನ ಕೆಳಗಿಂದ ತಾನೇ ಹೊರಗೆ ಬಂದಳು, ಮಂಡಿಗೆ ದಾರದ ಎಳೆಗಳು ಅಂಟಿದ್ದವು, ತಾಯಿಯ ಅಂಗೈಯ ಗುಂಡಿ ನೋಡಿದಳು, ಅಳಲಿಲ್ಲ, ಇವಳೂ ಬೈಯಲಿಲ್ಲ, ಯಾರದು ಅಂತ ಮಾತ್ರ ಕೇಳಿದಳು. ಕಡ್ಡಿದು ಅಂದಳು ಮಗಳು. ಕಡ್ಡಿ, ಗೊತ್ತು, ಪಕ್ಕದ ಬೆಂಚಿನವಳು, ಕಡ್ಡಿಯ ಹಾಗೆ ಇದ್ದಾಳೆ ಅಂತ ಶಾಲೆಗೆ ಶಾಲೆಯೇ ಹಾಗೆ ಕರೆಯುವುದು, ಒಮ್ಮೆ ಅಂಗಡಿಗೆ ಬಂದಿದ್ದಳು, ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾರೇ ಅಂದರೂ ಬರಲಿಲ್ಲ, ಬೇಗ ಹೋಗ್ಬೇಕು, ಚಿಕ್ಕಪ್ಪ ಬೈತಾರೆ ಅಂದಿದ್ದಳು, ಅವಳ ಕೋಟನ್ನೂ ಇವಳೇ ಹೊಲಿದಿದ್ದಳು, ಅಳತೆಗೆ ಬಾ ಅಂದರೆ ಚಿಕ್ಕಪ್ಪನೇ ಅಳತೆ ತಂದಿದ್ದ, ಶಾಲೆಗಲ್ಲದೆ ಮಗುವನ್ನು ಹೊರಗೆ ಕಳಿಸುವುದಿಲ್ಲ, ಕಾಲ ಸರಿ ಇಲ್ಲ ಅಂದಿದ್ದ, ಎಷ್ಟು ಜವಾಬ್ದಾರಿಯ ಮನುಷ್ಯ ಅಂದುಕೊಂಡಿದ್ದಳು. ಅವಳ ಅಮ್ಮ ಬೇರೆ ಊರಿನಲ್ಲಿ ಯಾರದೋ ಮನೆಯಲ್ಲಿದ್ದುಕೊಂಡು ಮುದುಕರನ್ನು ನೋಡಿಕೊಳ್ಳುವ ಕೆಲಸದವಳಂತೆ. ಅಪ್ಪನ ಸುದ್ದಿ ಇಲ್ಲ. ಚೂಟಿ ಹೇಳುತ್ತ ಹೋದಳು, ತಾಯಿಯ ಮುಖ ನೋಡದೆ, ಅಂಗೈಯ ಗುಂಡಿಗೇ ಹೇಳುವ ಹಾಗೆ ಹೇಳಿದಳು.

ನಿನ್ನ ಮೇಲೆ ಸಿಟ್ಟು ಬಂದಿತ್ತು, ಕಾಲುವೆಗೆ ಎಸೆಯೋಣ ಅಂತಿದ್ದೆ, ಕಡ್ಡಿ ಬೇಡ ಅಂದ್ಲು, ನಂಗೆ ಕೊಡು ಅಂದ್ಲು, ನಿಮ್ಮಮ್ಮ ನನ್ನನ್ನ ನೋಡ್ತಾ ಇರ್ಲಿ, ನನ್ನನ್ನ ನೋಡೋರು ಯಾರೂ ಇಲ್ಲ ಅಂದ್ಲು. ಅದಕ್ಕೇ ನಾನೇ ಅವಳ ಕೋಟಿಗೆ ಹೊಲಿದುಕೊಟ್ಟೆ, ಉಯ್ಯಾಲೆ ಹತ್ರ ಕೂತ್ಕೊಂಡು.

ಒಂದೇ ಬಿಲ್ಲೆ, ಒಬ್ಬಳು ಕಿತ್ತು ಎಸೆಯಬೇಕು ಅಂದಳು, ಇನ್ನೊಬ್ಬಳು ಕೈಚಾಚಿ ಕೇಳಿ ಹಾಕಿಸಿಕೊಂಡಳು, ಇವಳಿಗೆ ಕಣ್ಣು ಜಾಸ್ತಿಯಾಯಿತು, ಅವಳಿಗೆ ಒಂದು ಕಣ್ಣೂ ಇರಲಿಲ್ಲ, ಮತ್ತು ಆ ಒಂದು ಕಣ್ಣು, ಕಾಲರ್ ಹೊಲಿಯುತ್ತ, ಕಾಜಾ ತೆಗೆಯುತ್ತ, ನೋಡಿತು, ಎಲ್ಲ ನೋಡಿತು, ನೋಡಿ ಬೋರಲು ಬಿತ್ತು. ಅವಳು ಶಾಲೆಗೆ ಬರ್ತಿಲ್ವಲ್ಲಮ್ಮ ಅಂದಳು ಚೂಟಿ, ಟೀಚರ್ ಹೇಳಿದ್ರು ಅವರಮ್ಮನ ಊರಿಗೆ ಹೋದ್ಲು ಅಂತ, ಚಿಕ್ಕಪ್ಪ ಬಂದು ಹೇಳಿದ್ರಂತೆ, ನಂಗೆ ಹೇಳ್ದೆ ಹೋಗ್ತಾಳಾ — ಈಗ ತಾಯಿಯ ಮುಖ ನೋಡಿದಳು — ಹೋಗಿದಾಳಾ ಅಮ್ಮ, ನಿಂಗೆ ಗೊತ್ತಿರುತ್ತಲ್ಲ. ಗೊತ್ತಿರುತ್ತದೆ. ಎಣ್ಣೆ ಡಬ್ಬಿಗೆ ಒರಗಿದ ಫೋನಿನಲ್ಲಿ, ಬೂದು ಚೌಕದ ಬಲಮೂಲೆಯಲ್ಲಿ, ಹಸಿರು ಚುಕ್ಕಿ.

ಅಂಗಡಿಯ ಬಾಗಿಲು ಎಳೆದಳೋ ಇಲ್ಲವೋ ನೆನಪಿಲ್ಲ, ಮಗಳಿಗೆ ಇಲ್ಲೇ ಇರು ಅಂದದ್ದು ನೆನಪಿದೆ, ಇರಲ್ಲ ಅಂದದ್ದೂ, ಕೈ ಹಿಡಿದು ನಡೆದಳು, ನಡೆದದ್ದೋ ಓಡಿದ್ದೋ, ಬೇಕರಿ, ಔಷಧಿ ಅಂಗಡಿ, ಯಾವಾಗಲೂ ಎಡಕ್ಕೆ ತಿರುಗುವ ಕಡೆ ಬಲಕ್ಕೆ, ಸೇತುವೆಯ ಮೇಲೆ ಬಿಸಿಲು ಹಾಗೇ ಸುರಿಯುತ್ತಿದೆ, ಕೆಳಗೆ ಕಾಲುವೆಯ ನೀರು ಹರಿಯುವುದನ್ನೇ ಮರೆತು ನಿಂತಿದೆ, ಫೋನಿನಲ್ಲಿ ಈಗ ಎರಡು ಚುಕ್ಕಿ, ಹಸಿರು ನಿಂತದ್ದು, ನೀಲಿ ನಡೆಯುವುದು, ನೀಲಿ ಯಾರು ಅಂತ ಒಂದು ಗಳಿಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು ತಾನೇ, ತಾನು ನಿಂತರೆ ಅದೂ ನಿಲ್ಲುತ್ತದೆ, ತಾನು ನಡೆದರೆ ಅದೂ, ಹಾಗಾದರೆ ತನ್ನನ್ನೂ ಯಾರೋ ಎಲ್ಲೋ ಕೂತು — ಇರಲಿ, ಈಗ ಅದಲ್ಲ. ಇನ್ನೊಂದು ಯೋಚನೆ ಬಂತು, ಇದು ನಿನ್ನ ಮಗಳಲ್ಲವಲ್ಲ, ಯಾಕೆ ಮೂಗು ತೂರಿಸುತ್ತೀಯ, ಅವನು ಅವಳ ರಕ್ತಸಂಬಂಧಿ, ನೀನು ಯಾರು, ಏನಂತ ಹೇಳುತ್ತೀಯ, ನಿಮ್ಮ ಮಗುವಿನ ಕೋಟಿನಲ್ಲಿ ನನ್ನ ಬಿಲ್ಲೆ ಇದೆ, ನಾನು ಕದ್ದು ನೋಡುತ್ತಿದ್ದೆ ಅನ್ನುತ್ತೀಯಾ, ಹೌದು, ಹಾಗೇ ಅನ್ನುತ್ತೇನೆ, ಬೀದಿಯಲ್ಲಿ ನಿಂತು ಅನ್ನುತ್ತೇನೆ. ಚೂಟಿಯ ಎಡಗೈ ಅವಳ ಕೈಯೊಳಗೆ ಬೆವರುತ್ತಿತ್ತು. ಟೈರು ಅಂಗಡಿ, ಅದರ ಪಕ್ಕದ ಓಣಿ, ಓಣಿಯ ಕೊನೆಯಲ್ಲಿ ಶೀಟು ಹೊದಿಸಿದ ಬೂದು ಮನೆ, ಕಿಟಕಿಗೆ ಒಳಗಿನಿಂದ ರಟ್ಟು, ಬಾಗಿಲಿಗೆ ಹೊರಗಿನಿಂದ ಬೀಗ.

ಪಕ್ಕದ ಮನೆಯ ಹೆಂಗಸು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು, ಯಾರು ಬೇಕಿತ್ತು ಅಂದಳು. ಅವರಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ಕತ್ತಲಾದ ಮೇಲೆ ಅಂದಳು. ಮಗು ಎಲ್ಲಿ ಅಂದದ್ದಕ್ಕೆ, ಅದನ್ನ ಅವರಮ್ಮನ ಹತ್ರ ಕಳಿಸಿದಾರಂತೆ, ಒಳ್ಳೇದೇ ಆಯ್ತು, ಗಂಡಸು ಒಬ್ರೇ ಎಷ್ಟಂತ ನೋಡ್ಕೊಳ್ತಾರೆ, ಆದ್ರೂ ಹೇಳ್ಬೇಕು ಕಣಮ್ಮ, ಇದ್ದಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ್ರು, ಶಾಲೆ ಬಿಟ್ರೆ ಒಂದು ಹೆಜ್ಜೆ ಹೊರಗೆ ಬಿಡ್ತಿರ್ಲಿಲ್ಲ, ಭದ್ರವಾಗಿರ್ಲಿ ಅಂತ. ಟೈಲರಮ್ಮನಿಗೆ ತನ್ನದೇ ಅಂಗಡಿಯಲ್ಲಿ ತಾನೇ ಅಂದುಕೊಂಡಿದ್ದ ಮಾತು ಕೇಳಿದ ಹಾಗಾಯಿತು, ಧ್ವನಿ ಮಾತ್ರ ಬೇರೆ. ಬಾಗಿಲು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಒಳಗೆ ಏನೂ ಇಲ್ಲ, ಖಾಲಿ ಮನೆಯ ಸದ್ದೇ, ಅಯ್ಯೋ ಯಾರೂ ಇಲ್ಲ ಅಂದ್ನಲ್ಲ ಅಂದಳು ಬಕೆಟ್ಟಿನವಳು. ಫೋನು ನೋಡಿದಳು, ನೀಲಿ ಹಸಿರಿಗೆ ತಾಗಿಕೊಂಡೇ ಇದೆ. ಚುಕ್ಕಿಯ ಮೇಲೆ ಬೆರಳಿಟ್ಟಳು, ಅದರ ಕೆಳಗೆ ಒಂದು ಗಂಟೆಯ ಚಿತ್ರ ಮೂಡಿತು, ಕಳೆದುಹೋದ ಬೀಗದ ಕೈ ಹುಡುಕುವವರಿಗೆ ಇಟ್ಟದ್ದಂತೆ, ಒತ್ತಿದರೆ ಬಿಲ್ಲೆ ಕೂಗುತ್ತದೆಯಂತೆ, ಚೂಟಿಗೆ ಗೊತ್ತಾಗಿಬಿಡುತ್ತದೆ ಅಂತ ಇವಳು ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಒತ್ತಿದಳು.

ಒಳಗೆ, ಬಹಳ ಒಳಗೆ, ಹಿಂದಿನ ಕೋಣೆಯಲ್ಲೆಲ್ಲೋ, ಕೀಚ್, ಕೀಚ್, ಮರಿಯೊಂದು ಕೂಗುವಷ್ಟು ಸಣ್ಣಗೆ. ಬಕೆಟ್ಟಿನವಳ ಕೈಯಲ್ಲಿ ಹಿಂಡುತ್ತಿದ್ದ ಬಟ್ಟೆ ಹಾಗೇ ನಿಂತಿತು. ಕೋಟು ಮಾತ್ರ ಇರಬಹುದು, ಗೂಟಕ್ಕೆ ತೂಗುಹಾಕಿ ಹೋಗಿರಬಹುದು, ಇರಲಿ, ಹಾಗೇ ಇರಲಿ, ಕೋಟು ಅಷ್ಟೇ ಆಗಿರಲಿ — ಅಷ್ಟರಲ್ಲಿ ಸದ್ದು ಸರಿಯಿತು. ಕೀಚ್, ಸ್ವಲ್ಪ ಈಚೆಗೆ. ಕೀಚ್, ಇನ್ನೂ ಈಚೆಗೆ. ಹೆಜ್ಜೆಯ ಸದ್ದಿಲ್ಲ, ಉಸಿರಿಲ್ಲ, ಆ ಕೂಗು ಮಾತ್ರ ನೆಲದ ಮೇಲೆ ನಿಧಾನಕ್ಕೆ ಬಾಗಿಲ ಕಡೆ ಬರುತ್ತಿದೆ, ಬಂತು, ಬಾಗಿಲಿನ ಆ ಬದಿಗೆ, ಅವಳ ಸೊಂಟದಷ್ಟು ಎತ್ತರದಲ್ಲಿ ನಿಂತು ಕೂಗಿತು. ಎಲ್ಲೂ ಹೋಗಿಲ್ಲ, ಒಳಗೇ ಇದೀನಿ ಅಂತು ಒಂದು ಧ್ವನಿ, ಬಹಳ ದಿನ ಯಾರ ಹತ್ತಿರವೂ ಮಾತಾಡದ ಧ್ವನಿ, ತಪ್ಪು ಮಾಡಿದವರು ಒಪ್ಪಿಸುವ ಹಾಗೆ. ಬಕೆಟ್ಟು ಉರುಳಿತು, ಆ ಹೆಂಗಸು ಟೈರು ಅಂಗಡಿಯ ಕಡೆ ಓಡಿದಳು, ಹಾರೆ ತನ್ರೋ, ಯಾರಾದ್ರೂ ಹಾರೆ ತನ್ರೋ ಅನ್ನುತ್ತ. ಚೂಟಿ ಬಾಗಿಲ ಸಂದಿಗೆ ಬಾಯಿಟ್ಟಳು, ಕಡ್ಡಿ, ನಾನು ಕಣೇ, ಅಮ್ಮನೂ ಬಂದಿದಾಳೆ. ಆಚೆಯಿಂದ ಕೀಚ್. ಕೀಚ್. ಆಮೇಲೆ ಕಡ್ಡಿಯ ಧ್ವನಿ, ನಿಮ್ಮಮ್ಮಂಗೆ ನಾನು ಕಾಣಿಸ್ತಿದ್ನಾ.

ಇಷ್ಟು ದಿನಾನೂ ಕಾಣಿಸ್ತಿದ್ನಾ.

ಚೂಟಿ ತಲೆ ಎತ್ತಿ ತಾಯಿಯನ್ನು ನೋಡಿದಳು, ಅವತ್ತು ತಟ್ಟೆಯ ಮುಂದೆ ನೋಡಿದ ಹಾಗಲ್ಲ, ಉತ್ತರ ಬೇಕಾದವರು ನೋಡುವ ಹಾಗೆ, ಟೈಲರಮ್ಮ ಬಾಯಿ ತೆರೆದಳು, ಹೌದು ಅನ್ನಬೇಕು, ಇಲ್ಲ ಅನ್ನಬೇಕು, ಕಾಣಿಸುತ್ತಿದ್ದೆ ಕಣೇ ಮಗಳೇ, ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದೆ, ನಾನು ಕಾಲರ್ — ಕಾಜಾ — ಕಣ್ಣು ಮಗಳಿಂದ ತಪ್ಪಿಸಿಕೊಂಡು ಫೋನಿಗೆ ಇಳಿಯಿತು, ಬೂದು ಚೌಕ, ಚೌಕದ ಅಂಚಿನಲ್ಲಿ ಹಸಿರು ಚುಕ್ಕಿಯ ಮೇಲೆ ನೀಲಿ ಚುಕ್ಕಿ ಕೂತಿದೆ, ಹಸಿರು ಕಾಣುತ್ತಿಲ್ಲ, ನೀಲಿ ಕೂತಿದೆ, ಹಸಿರು ಕಾಣುತ್ತಿಲ್ಲ